ಬಂದೂಕು ಕಾನೂನು ಅಂದರೆ ಲಿಬರ್ಟೇರಿಯನ್ನರಿಗೆ ಯಾಕಷ್ಟು ಸಿಟ್ಟು?

ಪ್ರಶ್ನೆ: ನಾನು ಸಾಗರದ ಕಡೆಯ ಅಡಿಕೆ ಬೆಳೆಗಾರ. ಮಗ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಆಫೀಸಿನ ಗೆಳೆಯನೊಬ್ಬ ತಾನು ಲಿಬರ್ಟೇರಿಯನ್ ಅಂತಾನಂತೆ. ಗಾಂಜಾ ಸೇದಿದವರನ್ನು ಜೈಲಿಗೆ ಹಾಕಬಾರದು, ಸಲಿಂಗಿಗಳು ಮದುವೆಯಾದರೆ ಯಾರಿಗೇನು ನಷ್ಟ, ಪೊಲೀಸರಿಗೆ ಅಷ್ಟು ಅಧಿಕಾರ ಯಾಕೆ ಅನ್ನುತ್ತಾನೆ. ಅದೇ ಬಾಯಲ್ಲಿ ಬಂದೂಕಿಗೆ ಲೈಸೆನ್ಸೇ ಬೇಡ ಅಂತಾನೆ. ಈಗ ನನ್ನ ಮಗನೂ ಅದೇ ರಾಗ ಹಾಡುತ್ತಿದ್ದಾನೆ, ಒಂದು ಪಿಸ್ತೂಲು ತಗೊಳ್ತೀನಿ ಅಂತಿದ್ದಾನೆ. ಶಾಲೆಯಲ್ಲೇ ಮಕ್ಕಳು ಗುಂಡಿಗೆ ಸಾಯುವ ದೇಶದಲ್ಲಿ ಇದೆಂಥ ವಾದ? ಮನೆಯಲ್ಲಿ ಪಿಸ್ತೂಲು ಇಟ್ಟುಕೊಂಡು ಅಮೆರಿಕದ ಸೈನ್ಯದ ಎದುರು ನಿಲ್ಲೋಕಾಗುತ್ತಾ? ಇವರೂ ಎನ್‌ಆರ್‌ಎ ಲಾಬಿಯವರೂ ಒಂದೇನಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಸುಲಭ. ಒಂದೇ ಅಲ್ಲ. ಎನ್‌ಆರ್‌ಎ ಬಂದೂಕು ಇಟ್ಟುಕೊಂಡವರ ಸಂಘ, ರಿಪಬ್ಲಿಕನ್ ಪಕ್ಷಕ್ಕೆ ಹತ್ತಿರದ್ದು. ಲಿಬರ್ಟೇರಿಯನ್ನರದು ಒಂದು ರಾಜಕೀಯ ವಿಚಾರ. ಸರ್ಕಾರ ಚಿಕ್ಕದಿರಬೇಕು, ಜನರ ಬದುಕಿನಲ್ಲಿ ಮೂಗು ತೂರಿಸಬಾರದು ಅನ್ನುವುದು ಅದರ ತಿರುಳು. 1971ರಲ್ಲಿ ಕೊಲೊರಾಡೊದಲ್ಲಿ ಅವರದೇ ಒಂದು ಪಕ್ಷವೂ ಹುಟ್ಟಿತು. ಚುನಾವಣೆಯಲ್ಲಿ ಅದು ಯಾವತ್ತೂ ದೊಡ್ಡದಾಗಲಿಲ್ಲ. 2016ರಲ್ಲಿ ಗ್ಯಾರಿ ಜಾನ್ಸನ್ ಅಧ್ಯಕ್ಷ ಸ್ಥಾನಕ್ಕೆ ನಿಂತು ಶೇ 3ರಷ್ಟು ಮತ ತೆಗೆದುಕೊಂಡದ್ದೇ ಅವರ ಪಾಲಿಗೆ ಭಾರಿ ಸಾಧನೆ. ಆದರೆ ಕೋರ್ಟಿನಲ್ಲಿ ಅವರ ಕೈ ಬಲವಾಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಎರಡೂ ಕಡೆಯವರು ಎಲ್ಲಿ ಬೇರೆಯಾಗುತ್ತಾರೆ ಅನ್ನುವುದಕ್ಕೆ ಒಂದು ಉದಾಹರಣೆ ನಿಮ್ಮ ಮಗನ ಆಫೀಸಿನ ಅಂಗಳದಲ್ಲೇ ಇದೆ. ನೌಕರರು ಕಾರಿನಲ್ಲಿ ಬಂದೂಕು ಬೀಗ ಹಾಕಿಟ್ಟು ಬಂದರೆ ಕಂಪನಿ ತಡೆಯಬಾರದು ಅನ್ನುವ ಕಾನೂನು ಟೆಕ್ಸಾಸ್‌ನಲ್ಲಿ 2011ರಿಂದ ಇದೆ. ಇಂಥ ಕಾನೂನುಗಳಿಗೆ ಹಲವು ರಾಜ್ಯಗಳಲ್ಲಿ ಎನ್‌ಆರ್‌ಎ ಒತ್ತಾಯ ಮಾಡಿದೆ. ಅಪ್ಪಟ ಲಿಬರ್ಟೇರಿಯನ್‌ಗೆ ಇದು ಒಪ್ಪಿಗೆ ಇಲ್ಲ. ಜಾಗ ಕಂಪನಿಯದು, ಅಲ್ಲಿ ಬಂದೂಕು ಬೇಕೋ ಬೇಡವೋ ಅಂತ ಹೇಳುವವನು ಮಾಲೀಕ, ಸರ್ಕಾರ ಯಾರು ಹೇಳೋಕೆ ಅಂತ ಕೇಳುತ್ತಾನೆ. ಮಗನ ಗೆಳೆಯನನ್ನು ಈ ಪ್ರಶ್ನೆ ಕೇಳಿಸಿ ನೋಡಿ. ಅವನು ನಿಜಕ್ಕೂ ಲಿಬರ್ಟೇರಿಯನ್ನೋ, ಬಂದೂಕಿನ ಮೋಹಕ್ಕೆ ಆ ಹೆಸರು ಇಟ್ಟುಕೊಂಡವನೋ ಗೊತ್ತಾಗುತ್ತದೆ.

ಗಾಂಜಾ ಮತ್ತು ಬಂದೂಕು ಒಂದೇ ಬಾಯಲ್ಲಿ ಹೇಗೆ ಬರುತ್ತವೆ ಅಂತ ನಿಮಗೆ ಆಶ್ಚರ್ಯ. ಅವನಿಗೆ ಇದರಲ್ಲಿ ವಿಚಿತ್ರ ಏನೂ ಇಲ್ಲ. ಇನ್ನೊಬ್ಬರಿಗೆ ಹಾನಿ ಮಾಡುವವರೆಗೆ ನನ್ನನ್ನು ಮುಟ್ಟಬೇಡಿ ಅನ್ನುವುದು ಅವನ ಲೆಕ್ಕ. ಬೀರುವಿನಲ್ಲಿರುವ ಪಿಸ್ತೂಲು ಯಾರಿಗೂ ಹಾನಿ ಮಾಡಿಲ್ಲ. ಜೇಬಿನಲ್ಲಿರುವ ಗಾಂಜಾವೂ ಮಾಡಿಲ್ಲ. ಎರಡನ್ನೂ ಇಟ್ಟುಕೊಂಡದ್ದಕ್ಕೇ ಜೈಲು ಅಂದರೆ ತಪ್ಪೇ ನಡೆಯದೆ ಶಿಕ್ಷೆ ಕೊಟ್ಟ ಹಾಗೆ. 2024ರ ಜೂನ್‌ನಲ್ಲಿ ಆಗಿನ ಅಧ್ಯಕ್ಷ ಬೈಡನ್ ಅವರ ಮಗ ಹಂಟರ್ ಬೈಡನ್‌ಗೆ ಡೆಲವೇರ್‌ನಲ್ಲಿ ಶಿಕ್ಷಾರ್ಹ ಅಪರಾಧ ಸಾಬೀತಾಯಿತಲ್ಲ, ಅದು ಇದೇ ಜಾತಿಯ ಕೇಸು. ಮಾದಕ ವಸ್ತು ಬಳಸುವವನು ಬಂದೂಕು ಕೊಂಡ, ಅರ್ಜಿಯಲ್ಲಿ ಸುಳ್ಳು ಬರೆದ ಅನ್ನುವುದು ಆರೋಪ. ಬಂದೂಕು ಹಕ್ಕಿನ ಪರ ಇರುವ ಎಷ್ಟೋ ರಿಪಬ್ಲಿಕನ್ನರು ಖುಷಿಪಟ್ಟರು. ಅನೇಕ ಲಿಬರ್ಟೇರಿಯನ್ನರು ಮಾತ್ರ ಬೈಡನ್ ಮಗನ ಪರ ನಿಂತರು. ಈ ಕಾನೂನೇ ಸರಿಯಿಲ್ಲ ಅಂದರು. ಅವರ ವಾದ ಒಪ್ಪದಿದ್ದರೂ ಆ ನೇರ ಸ್ವಭಾವ ನನಗೆ ಇಷ್ಟ.

ಈಗ ಕೋರ್ಟಿನ ಕತೆ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಎರಡನೇ ತಿದ್ದುಪಡಿ ಬಂತು. ಜನರ ಸೇನೆ ದೇಶಕ್ಕೆ ಅಗತ್ಯ, ಹಾಗಾಗಿ ಆಯುಧ ಹೊಂದುವ ಜನರ ಹಕ್ಕನ್ನು ಕಸಿಯಬಾರದು ಅನ್ನುವುದು ಅದರ ಸಾರ. ಹಕ್ಕು ಆ ಸೇನೆಗೆ ಸೇರಿದವರಿಗೆ ಮಾತ್ರವೋ, ಒಬ್ಬೊಬ್ಬ ಪ್ರಜೆಗೂ ಉಂಟೋ ಅನ್ನುವುದು 2008ರವರೆಗೆ ಇತ್ಯರ್ಥವಾಗಿರಲಿಲ್ಲ. ಇತ್ಯರ್ಥ ಮಾಡಿಸಿದ್ದು ಎನ್‌ಆರ್‌ಎ ಅಲ್ಲ. ಕೇಟೋ ಇನ್‌ಸ್ಟಿಟ್ಯೂಟ್ ಅನ್ನುವ ಲಿಬರ್ಟೇರಿಯನ್ ಸಂಸ್ಥೆಯ ರಾಬರ್ಟ್ ಲೆವಿ. ವ್ಯಾಪಾರದಲ್ಲಿ ದುಡ್ಡು ಮಾಡಿ, ಆಮೇಲೆ ಐವತ್ತರ ಆಸುಪಾಸಿನಲ್ಲಿ ಕಾನೂನು ಓದಿದವರು. ತಾವು ಬಂದೂಕು ಇಟ್ಟುಕೊಂಡವರೇ ಅಲ್ಲ. ಆದರೂ ಸ್ವಂತ ದುಡ್ಡಿನಲ್ಲಿ ಕೇಸು ನಡೆಸಿದರು.

ರಾಜಧಾನಿ ವಾಷಿಂಗ್ಟನ್‌ನಲ್ಲಿ 1976ರಿಂದ ಪಿಸ್ತೂಲು ನಿಷೇಧ ಇತ್ತು. ಉದ್ದ ನಳಿಗೆಯ ಬಂದೂಕು ಮನೆಯಲ್ಲಿದ್ದರೂ ಬಿಚ್ಚಿಡಬೇಕು ಇಲ್ಲವೇ ಬೀಗ ಹಾಕಿಡಬೇಕು. ಡಿಕ್ ಹೆಲ್ಲರ್ ಅನ್ನುವವರು ಸರ್ಕಾರಿ ಕಟ್ಟಡಕ್ಕೆ ಕಾವಲು ಇದ್ದವರು. ಹಗಲೆಲ್ಲ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಸರ್ಕಾರವನ್ನು ಕಾಯಬೇಕು, ಸಂಜೆ ಅದನ್ನು ಕೊಟ್ಟು ಬರಿಗೈಲಿ ಮನೆಗೆ ಹೋಗಬೇಕು. ವಾದಿಗಳಲ್ಲಿ ಇನ್ನೊಬ್ಬರು ಕೇಟೋದ ಟಾಮ್ ಪಾಮರ್. ಸಲಿಂಗಿ ಅನ್ನುವ ಕಾರಣಕ್ಕೆ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಗುಂಪು ಮೈಮೇಲೆ ಬಿದ್ದಾಗ ಪಿಸ್ತೂಲು ತೋರಿಸಿ ಬಚಾವಾದವರು. ಎನ್‌ಆರ್‌ಎಗೆ ಮೊದಮೊದಲು ಈ ಕೇಸು ಬೇಡವಾಗಿತ್ತು. ಸುಪ್ರೀಂ ಕೋರ್ಟಿನಲ್ಲಿ ಸೋತರೆ ಎಲ್ಲವೂ ಹೋಗುತ್ತದೆ ಅನ್ನುವ ಹೆದರಿಕೆ. ಕೊನೆಗೆ 5–4ರಲ್ಲಿ ಹೆಲ್ಲರ್ ಗೆದ್ದರು. ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಅಂತ ನ್ಯಾಯಮೂರ್ತಿ ಸ್ಕಲೀಯಾ ಬರೆದರು. ಈ ಹಕ್ಕಿಗೆ ಮಿತಿ ಇಲ್ಲ ಅಂತ ತಿಳಿಯಬೇಡಿ, ಶಿಕ್ಷೆಯಾದ ಅಪರಾಧಿಗಳಿಗೆ, ಶಾಲೆಯಂಥ ಜಾಗಗಳಲ್ಲಿ ನಿರ್ಬಂಧ ಹಾಕಬಹುದು ಅಂತಲೂ ಬರೆದರು. ಆ ಎರಡನೇ ಭಾಗವನ್ನು ಹಕ್ಕಿನ ಪರದವರು ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ.

2010ರಲ್ಲಿ ಈ ಹಕ್ಕು ರಾಜ್ಯಗಳಿಗೂ ಅನ್ವಯಿಸಿತು. 2022ರಲ್ಲಿ ಮನೆಯ ಹೊರಗೂ ಬಂದೂಕು ಒಯ್ಯುವ ಹಕ್ಕುಂಟು ಅಂತ ತೀರ್ಪಾಯಿತು. ಟೆಕ್ಸಾಸ್ ಅದಕ್ಕೂ ಮೊದಲೇ, 2021ರ ಸೆಪ್ಟೆಂಬರ್‌ನಿಂದ, ಪರ್ಮಿಟ್ ಇಲ್ಲದೆ ಪಿಸ್ತೂಲು ಒಯ್ಯಬಹುದು ಅಂದುಬಿಟ್ಟಿತ್ತು.

ಇಷ್ಟು ಹಕ್ಕಿನ ಮಾತಾಯಿತು. ಆದರೆ ಲಿಬರ್ಟೇರಿಯನ್ನರ ವಾದದಲ್ಲಿ ನನಗೆ ಗಟ್ಟಿ ಅನ್ನಿಸುವ ಭಾಗ ಬೇರೆ ಇದೆ. ಯಾವುದೇ ಬಂದೂಕು ಕಾನೂನು ಜಾರಿಯಾಗಬೇಕಾದರೆ ಬಂದೂಕು ಹಿಡಿದ ಸರ್ಕಾರಿ ನೌಕರ ನಿಮ್ಮ ಬಾಗಿಲಿಗೆ ಬರಬೇಕು. ಅವನು ಹೇಗೆ ಬರುತ್ತಾನೆ, ಬಂದು ಏನು ಮಾಡುತ್ತಾನೆ, ತಪ್ಪಿದರೆ ಅವನನ್ನು ಕೇಳುವವರು ಯಾರು? ಈ ಪ್ರಶ್ನೆಗೆ ಅಮೆರಿಕದಲ್ಲಿ ಒಳ್ಳೆಯ ಉತ್ತರ ಸಿಕ್ಕಿಲ್ಲ.

ಐಡಾಹೊ ರಾಜ್ಯದ ರೂಬಿ ರಿಜ್ ಪ್ರಕರಣವನ್ನು ಲಿಬರ್ಟೇರಿಯನ್ನರು ಇವತ್ತಿಗೂ ಎತ್ತುತ್ತಾರೆ. ರ್‍ಯಾಂಡಿ ವೀವರ್ ಅನ್ನುವವನು ಬೆಟ್ಟದ ಮೇಲೆ ಹೆಂಡತಿ ಮಕ್ಕಳ ಜೊತೆ ಬದುಕಿದ್ದ. ಬಿಳಿಯರು ಬೇರೆಯಾಗಿಯೇ ಇರಬೇಕು ಅನ್ನುವ ನಂಬಿಕೆಯವನು. ಪ್ರೀತಿ ಉಕ್ಕುವಂಥ ಮನುಷ್ಯನಲ್ಲ. ಅವನು ನಳಿಗೆ ಕತ್ತರಿಸಿದ ಎರಡು ಶಾಟ್‌ಗನ್‌ಗಳನ್ನು 1989ರಲ್ಲಿ ಒಬ್ಬನಿಗೆ ಮಾರಿದ. ಕೊಂಡವನು ಎಟಿಎಫ್‌ನ ಗುಪ್ತ ಮಾಹಿತಿದಾರ. ಎಟಿಎಫ್ ಅಂದರೆ ಬಂದೂಕು ಕಾನೂನು ನೋಡಿಕೊಳ್ಳುವ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಇಲಾಖೆ. ಶಾಟ್‌ಗನ್ ನಳಿಗೆ 18 ಇಂಚಿಗಿಂತ ಗಿಡ್ಡ ಇದ್ದರೆ, ನೋಂದಣಿ ಇಲ್ಲದಿದ್ದರೆ, ಫೆಡರಲ್ ಅಪರಾಧ. ನೀನೂ ನಮಗೆ ಮಾಹಿತಿದಾರನಾಗು ಅಂತ ಎಟಿಎಫ್ ಅವನನ್ನು ಕೇಳಿತು. ಅವನು ಒಪ್ಪಲಿಲ್ಲ. ಕೇಸು ಬಿತ್ತು. ವಿಚಾರಣೆ ಇದ್ದದ್ದು 1991ರ ಫೆಬ್ರುವರಿ 20ಕ್ಕೆ, ಅವನಿಗೆ ಹೋದ ಪತ್ರದಲ್ಲಿ ಮಾರ್ಚ್ 20 ಅಂತ ಬರೆದಿತ್ತು. ಫೆಬ್ರುವರಿಯಲ್ಲಿ ಬರಲಿಲ್ಲ ಅಂತ ವಾರಂಟ್ ಹೊರಟಿತು. ಪತ್ರದ ದಿನಾಂಕ ಬರುವುದಕ್ಕೆ ಮುಂಚೆಯೇ, ಕೋರ್ಟಿಗೆ ಬಾರದ ಆರೋಪವೂ ಅವನ ಮೇಲೆ ಬಿತ್ತು.

1992ರ ಆಗಸ್ಟ್‌ನಲ್ಲಿ ಮಾರ್ಷಲ್‌ಗಳು, ಅಂದರೆ ಕೋರ್ಟಿನ ವಾರಂಟ್ ಜಾರಿ ಮಾಡುವ ಫೆಡರಲ್ ಪೊಲೀಸರು, ಬೆಟ್ಟದ ಕಾಡಿಗೆ ಹೋದರು. ನಾಯಿ ಬೊಗಳಿತು, ಗುಂಡು ಹಾರಿತು. ವೀವರ್‌ನ 14 ವರ್ಷದ ಮಗ ಸತ್ತ, ಒಬ್ಬ ಮಾರ್ಷಲ್ ಸತ್ತ. ಮಾರನೇ ದಿನ ಎಫ್‌ಬಿಐ ಗುರಿಕಾರನ ಗುಂಡು ಬಾಗಿಲ ಹಿಂದೆ ಕೈಗೂಸು ಎತ್ತಿಕೊಂಡು ನಿಂತಿದ್ದ ವೀವರ್‌ನ ಹೆಂಡತಿಯನ್ನು ಕೊಂದಿತು. ಹನ್ನೊಂದು ದಿನ ನಡೆದ ಮುತ್ತಿಗೆ ಅದು. ಮುಂದಿನ ವರ್ಷ ಜ್ಯೂರಿ ವೀವರ್‌ನನ್ನು ಕೊಲೆ ಆರೋಪದಿಂದ ಬಿಡುಗಡೆ ಮಾಡಿತು. ಶಾಟ್‌ಗನ್ ಮಾರಿದ ಆರೋಪದಿಂದಲೂ ಬಿಟ್ಟಿತು. ಕೋರ್ಟಿಗೆ ಬರಲಿಲ್ಲ, ಜಾಮೀನು ಮುರಿದ ಅನ್ನುವುದಷ್ಟೇ ಉಳಿಯಿತು. 1995ರಲ್ಲಿ ಸರ್ಕಾರ ಅವನಿಗೂ ಅವನ ಹೆಣ್ಣುಮಕ್ಕಳಿಗೂ 31 ಲಕ್ಷ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡಿತು.

ಇದರಲ್ಲಿ ಸರ್ಕಾರ ಯಾರನ್ನು ಯಾವುದರಿಂದ ಕಾಪಾಡಿತು ಅಂತ ಲಿಬರ್ಟೇರಿಯನ್ನರು ಕೇಳುತ್ತಾರೆ. ನನ್ನ ಹತ್ತಿರವೂ ಉತ್ತರ ಇಲ್ಲ. 1993ರಲ್ಲಿ ಟೆಕ್ಸಾಸ್‌ನ ವೇಕೊದಲ್ಲಿ ಒಂದು ಧಾರ್ಮಿಕ ಪಂಥದ ಮೇಲೆ ಎಟಿಎಫ್ ದಾಳಿ ಮಾಡಿತು, 51 ದಿನದ ಮುತ್ತಿಗೆಯ ಕೊನೆಗೆ ಬೆಂಕಿಯಲ್ಲಿ ಮಕ್ಕಳೂ ಸೇರಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಇದೇ ಎರಡು ಘಟನೆಗಳ ಸೇಡು ಅಂತ ಹೇಳಿಕೊಂಡು ಟಿಮೊಥಿ ಮೆಕ್‌ವೇ 1995ರಲ್ಲಿ ಒಕ್ಲಹೋಮ ಸಿಟಿಯಲ್ಲಿ ಬಾಂಬ್ ಇಟ್ಟು 168 ಜನರನ್ನು ಕೊಂದ. ಸರ್ಕಾರದ ಮೇಲಿನ ಅನುಮಾನ ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೆ ಅದೂ ಇದೇ ಕತೆಯ ಭಾಗ. ಅದನ್ನು ಬಿಟ್ಟು ರೂಬಿ ರಿಜ್ ಮಾತ್ರ ಹೇಳುವವರನ್ನು ನಂಬಬೇಡಿ.

ಬಂದೂಕು ಕಾನೂನಿನ ಏಟು ಯಾರಿಗೆ ಜಾಸ್ತಿ ಬೀಳುತ್ತದೆ ಅನ್ನುವುದನ್ನೂ ನೋಡಬೇಕು. 1967ರಲ್ಲಿ ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯವರು ಬಂದೂಕು ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭೆಗೆ ಬಂದರು. ಗುಂಡು ತುಂಬಿದ ಬಂದೂಕನ್ನು ಬಹಿರಂಗವಾಗಿ ಒಯ್ಯಬಾರದು ಅನ್ನುವ ಕಾನೂನು ಅದೇ ವರ್ಷ ಬಂತು. ಸಹಿ ಹಾಕಿದವರು ಆಗಿನ ಗವರ್ನರ್ ರೊನಾಲ್ಡ್ ರೀಗನ್. ಎನ್‌ಆರ್‌ಎ ಬೆಂಬಲವೂ ಇತ್ತು! 2016ರಲ್ಲಿ ಮಿನ್ನೆಸೋಟದಲ್ಲಿ ಫಿಲ್ಯಾಂಡೊ ಕ್ಯಾಸ್ಟೀಲ್ ಅನ್ನುವ ಕಪ್ಪು ಯುವಕನ ಕಾರನ್ನು ಪೊಲೀಸ್ ನಿಲ್ಲಿಸಿದ. ತನ್ನ ಹತ್ತಿರ ಬಂದೂಕಿದೆ ಅಂತ ಅವನು ತಾನಾಗಿಯೇ ಹೇಳಿದ. ಅದಕ್ಕೆ ಪರ್ಮಿಟ್ ಕೂಡ ಇತ್ತು. ಕೆಲವೇ ಸೆಕೆಂಡುಗಳಲ್ಲಿ ಪೊಲೀಸ್ ಗುಂಡು ಹೊಡೆದ. ಎನ್‌ಆರ್‌ಎ ಅವನ ಹೆಸರೂ ಎತ್ತದೆ ಒಂದು ಸಣ್ಣ ಹೇಳಿಕೆ ಕೊಟ್ಟಿತು. 2020ರಲ್ಲಿ ಲೂಯಿವಿಲ್‌ನಲ್ಲಿ ಬ್ರಿಯೊನಾ ಟೇಲರ್ ಮನೆಯ ಬಾಗಿಲನ್ನು ಪೊಲೀಸರು ಮಧ್ಯರಾತ್ರಿ ಒಡೆದರು. ಕಳ್ಳರು ಅಂದುಕೊಂಡು ಆಕೆಯ ಗೆಳೆಯ ತನ್ನ ಕಾನೂನುಬದ್ಧ ಪಿಸ್ತೂಲಿನಿಂದ ಒಂದು ಗುಂಡು ಹಾರಿಸಿದ. ಪೊಲೀಸರ ಗುಂಡಿಗೆ ಟೇಲರ್ ಸತ್ತಳು. ಬಾಗಿಲು ತಟ್ಟದೆ ನುಗ್ಗುವ ವಾರಂಟ್ ನಿಲ್ಲಿಸಬೇಕು ಅಂತ ಮಸೂದೆ ತಂದವರು ಲಿಬರ್ಟೇರಿಯನ್ ಒಲವಿನ ಸೆನೆಟರ್ ರ್‍ಯಾಂಡ್ ಪಾಲ್. ಪೊಲೀಸರಿಗೆ ಇರುವ ಕಾನೂನು ರಕ್ಷಣೆ ತೆಗೆಯಬೇಕು ಅಂತ ಅದೇ ವರ್ಷ ಮಸೂದೆ ಮಂಡಿಸಿದವರು ಲಿಬರ್ಟೇರಿಯನ್ ಪಕ್ಷ ಸೇರಿದ್ದ ಜಸ್ಟಿನ್ ಅಮಾಶ್. ಎರಡೂ ಪಾಸಾಗಲಿಲ್ಲ.

ಇನ್ನೊಂದು ಕೇಸು ಮಗನ ಊರಿನದೇ. ಬಂಪ್ ಸ್ಟಾಕ್ ಅಂತ ಒಂದು ಸಾಧನ ಇದೆ. ಬಂದೂಕಿನ ಹಿಂಬದಿಗೆ ಸೇರಿಸಿದರೆ ಹೆಚ್ಚುಕಡಿಮೆ ಮೆಷಿನ್‌ಗನ್ ವೇಗದಲ್ಲಿ ಗುಂಡು ಹಾರುತ್ತದೆ. 2017ರಲ್ಲಿ ಲಾಸ್ ವೇಗಸ್‌ನ ಸಂಗೀತ ಕಾರ್ಯಕ್ರಮದಲ್ಲಿ ಒಬ್ಬ ಅದನ್ನು ಬಳಸಿ 60 ಜನರ ಸಾವಿಗೆ ಕಾರಣನಾದ. ಇದು ಮೆಷಿನ್‌ಗನ್ ಅಲ್ಲ ಅಂತ ವರ್ಷಗಟ್ಟಲೆ ಹೇಳುತ್ತಿದ್ದ ಎಟಿಎಫ್, 2018ರಲ್ಲಿ ಟ್ರಂಪ್ ಸರ್ಕಾರ ಇದ್ದಾಗ, ಇದೂ ಮೆಷಿನ್‌ಗನ್ನೇ ಅಂತ ನಿಯಮ ಬದಲಿಸಿತು. ನಿನ್ನೆವರೆಗೆ ಸರಿಯಾಗಿದ್ದ ವಸ್ತು ಇಟ್ಟುಕೊಂಡರೆ ಇವತ್ತು ಜೈಲು. ಆಸ್ಟಿನ್‌ನ ಬಂದೂಕು ವ್ಯಾಪಾರಿ ಮೈಕಲ್ ಕಾರ್ಗಿಲ್ ಕೋರ್ಟಿಗೆ ಹೋದರು. 2024ರಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಎರಡನೇ ತಿದ್ದುಪಡಿಯ ಮಾತೇ ಅದರಲ್ಲಿ ಮುಖ್ಯವಲ್ಲ. ನಿಷೇಧ ಬೇಕಿದ್ದರೆ ಸಂಸತ್ತು ಕಾನೂನು ಮಾಡಲಿ, ಇಲಾಖೆ ಹಳೇ ಕಾನೂನಿನ ಅರ್ಥ ಹಿಗ್ಗಿಸಿ ಮಾಡುವಂತಿಲ್ಲ ಅನ್ನುವುದೇ ಅದರ ಫಲ. ಬಂಪ್ ಸ್ಟಾಕ್ ಬೇಡವೇ ಬೇಡ ಅನ್ನುವವನು ನಾನು. ಆದರೂ ಈ ತೀರ್ಪಿನ ತರ್ಕಕ್ಕೆ ಬೆಲೆ ಇದೆ. ಅಧಿಕಾರಿಯ ಒಂದು ಸುತ್ತೋಲೆಯಿಂದ ರಾತ್ರೋರಾತ್ರಿ ಅಪರಾಧಿಯಾಗುವುದು ಯಾರಿಗೆ ಬೇಕು?

ಇನ್ನು ಮಕ್ಕಳ ವಿಷಯ. 2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡೆ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಸುಮಾರು 400 ಪೊಲೀಸರು ಬಂದಿದ್ದರು. ತರಗತಿಯ ಬಾಗಿಲು ದಾಟಲು 77 ನಿಮಿಷ ತೆಗೆದುಕೊಂಡರು. ಹೊರಗೆ ಅಪ್ಪ ಅಮ್ಮಂದಿರು ಗೋಗರೆಯುತ್ತಿದ್ದರೆ ಅವರನ್ನೇ ತಡೆದರು, ಒಬ್ಬ ತಾಯಿಗೆ ಕೋಳ ಹಾಕಿದರು. ಪೊಲೀಸರು ಕಾಪಾಡುತ್ತಾರೆ, ನಿಮಗ್ಯಾಕೆ ಬಂದೂಕು ಅಂತೀರಲ್ಲ, ಇದನ್ನು ನೋಡಿ ಅಂತ ಲಿಬರ್ಟೇರಿಯನ್ನರು ಹೇಳುತ್ತಾರೆ. ಅವರ ಜೊತೆ ಕಾನೂನೂ ಇದೆ. ಕೊಲೊರಾಡೊದ ಒಬ್ಬ ತಾಯಿ, ಗಂಡ ಹತ್ತಿರ ಬರಬಾರದು ಅನ್ನುವ ಕೋರ್ಟ್ ಆದೇಶ ಹಿಡಿದು ಪೊಲೀಸರಿಗೆ ಮತ್ತೆ ಮತ್ತೆ ಫೋನ್ ಮಾಡಿದಳು. ಅವರು ಕೈಕಟ್ಟಿ ಕೂತರು, ಅವನು ಮೂರು ಹೆಣ್ಣುಮಕ್ಕಳನ್ನು ಕೊಂದ. ಆದೇಶ ಜಾರಿ ಮಾಡಿಸಿಕೊಳ್ಳುವ ಸಂವಿಧಾನದ ಹಕ್ಕು ಆಕೆಗಿಲ್ಲ ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೆ ಯುವಾಲ್ಡೆಯಲ್ಲಿ ಕೊಂದವನು ಯಾರು? ಹದಿನೆಂಟು ತುಂಬಿದ ಹುಡುಗ. ಹುಟ್ಟುಹಬ್ಬ ಮುಗಿದ ಕೂಡಲೇ ಅಂಗಡಿಗೆ ಹೋಗಿ ಕಾನೂನು ಪ್ರಕಾರವೇ ಎರಡು ರೈಫಲ್ ಕೊಂಡಿದ್ದ. ಇಲ್ಲಿ ಲಿಬರ್ಟೇರಿಯನ್ ವಾದ ಮುಗ್ಗರಿಸುತ್ತದೆ. ಹಾನಿ ಆದ ಮೇಲೆ ಶಿಕ್ಷೆ ಕೊಡಿ ಅನ್ನುವ ತತ್ವ ಸಾಯಲು ಸಿದ್ಧನಾಗಿ ಬಂದವನ ಮುಂದೆ ನಡೆಯುವುದಿಲ್ಲ. ಅವನಿಗೆ ಆಮೇಲೆ ಅನ್ನುವುದೇ ಇಲ್ಲವಲ್ಲ.

ಸಾವಿನ ಲೆಕ್ಕ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 26,328 ಆತ್ಮಹತ್ಯೆ. ನನ್ನ ದೇಹ ನನ್ನದು ಅನ್ನುವ ಲಿಬರ್ಟೇರಿಯನ್ನರು ಇದನ್ನು ಸರ್ಕಾರದ ವಿಷಯ ಅಂತಲೇ ಒಪ್ಪುವುದಿಲ್ಲ. ನಾನು ಇಲ್ಲಿ ಅವರ ಜೊತೆ ಇಲ್ಲ. ಆತ್ಮಹತ್ಯೆಯ ಯೋಚನೆ ಎಷ್ಟೋ ಸಲ ಒಂದು ಗಳಿಗೆಯದು. ಬೇರೆ ದಾರಿ ಹಿಡಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ, ಬಂದೂಕು ಹಿಡಿದವರಲ್ಲಿ ಬದುಕುವವರು ತೀರಾ ಕಡಿಮೆ. ಮನೆಯಲ್ಲಿ ಪಿಸ್ತೂಲು ಇರುವುದೇ ಆ ಗಳಿಗೆಯನ್ನು ಕೊನೆಯ ಗಳಿಗೆ ಮಾಡಿಬಿಡುತ್ತದೆ.

ಅಪಾಯ ಕಂಡವರ ಬಂದೂಕನ್ನು ಕೋರ್ಟ್ ಆದೇಶದ ಮೇಲೆ ತಾತ್ಕಾಲಿಕವಾಗಿ ತೆಗೆದಿಡುವ ಕಾನೂನು ಇದಕ್ಕೇ ಇರುವುದು. ಕನೆಕ್ಟಿಕಟ್ 1999ರಲ್ಲಿ ಮೊದಲು ತಂದಿತು, ಪಾರ್ಕ್‌ಲ್ಯಾಂಡ್ ಶಾಲೆಯ ಹತ್ಯಾಕಾಂಡದ ಮೇಲೆ ಫ್ಲೋರಿಡಾ 2018ರಲ್ಲಿ ತಂದಿತು. ಟೆಕ್ಸಾಸ್‌ನಲ್ಲಿ ಇಲ್ಲ. ಮೊದಲ ಆದೇಶ ಆ ಮನುಷ್ಯನ ಮಾತು ಕೇಳದೆಯೇ ಹೊರಡುತ್ತದೆ ಅನ್ನುವುದು ಲಿಬರ್ಟೇರಿಯನ್ನರ ತಕರಾರು. ತಕರಾರಿನಲ್ಲಿ ಹುರುಳಿದೆ. ಹಾಗಾದರೆ ಬೇಗ ವಿಚಾರಣೆ ಮಾಡಿ, ವಕೀಲರನ್ನು ಕೊಡಿ, ಸುಳ್ಳು ದೂರಿಗೆ ಶಿಕ್ಷೆ ಇಡಿ. ಕಾನೂನನ್ನೇ ಕಿತ್ತು ಬಿಸಾಡಬೇಕಿಲ್ಲ. 2024ರಲ್ಲಿ ರಹೀಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಿತು. ಸಂಗಾತಿಗೆ ಅಪಾಯ ಅಂತ ಕೋರ್ಟ್ ಹೇಳಿದವನ ಬಂದೂಕು ತೆಗೆದಿಡಬಹುದು ಅಂತ 8–1ರಲ್ಲಿ ತೀರ್ಪಾಯಿತು.

ಸೈನ್ಯದ ಎದುರು ಪಿಸ್ತೂಲು? ನಿಮ್ಮ ನಗು ಅರ್ಥವಾಗುತ್ತದೆ. ಯುದ್ಧ ಮಾಡುತ್ತೇವೆ ಅಂತ ಅವರಲ್ಲಿ ಬುದ್ಧಿವಂತರು ಹೇಳುವುದಿಲ್ಲ. ಮನೆಮನೆಯಲ್ಲೂ ಬಂದೂಕಿದ್ದರೆ ಸರ್ಕಾರ ದಬ್ಬಾಳಿಕೆಗೆ ಹೊರಡುವ ಮೊದಲು ಎರಡು ಸಲ ಯೋಚಿಸುತ್ತದೆ ಅನ್ನುತ್ತಾರೆ. ಇತಿಹಾಸ ಅಷ್ಟು ಸಲೀಸಾಗಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ಸುಮಾರು 1,20,000 ಜನರನ್ನು ಅಮೆರಿಕ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತು. ಬಂದೂಕು ತುಂಬಿದ ದೇಶ ಅದು, ಯಾರೂ ಎದ್ದು ನಿಲ್ಲಲಿಲ್ಲ. ಬಂದೂಕು ಇದ್ದವರಿಗೆ ಅದು ತಮ್ಮ ಮೇಲಿನ ದಬ್ಬಾಳಿಕೆ ಅಂತ ಅನ್ನಿಸಲೇ ಇಲ್ಲ.

ಮಗನ ಗೆಳೆಯ ಗಾಂಧೀಜಿ ಹೆಸರು ಎತ್ತಿದರೆ ಆಶ್ಚರ್ಯಪಡಬೇಡಿ. ಇಡೀ ದೇಶದ ಕೈಯಿಂದ ಆಯುಧ ಕಿತ್ತುಕೊಂಡ ಕಾನೂನು ಬ್ರಿಟಿಷರ ಅತಿ ಕೆಟ್ಟ ಕೆಲಸ ಅನ್ನುವ ಅರ್ಥದ ಅವರ ಮಾತು ಅಮೆರಿಕದಲ್ಲಿ ಭಾರಿ ಓಡಾಡುತ್ತದೆ. ಮಾತು ನಿಜ. ಆದರೆ ಅದು 1918ರಲ್ಲಿ ಗುಜರಾತಿನ ಖೇಡಾದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಜನ ಸೇರಿಸುವಾಗಿನ ಕರಪತ್ರದ್ದು.

ನಮ್ಮಲ್ಲೂ ಈ ಚರ್ಚೆ ಆಗಿದೆ, ಅದರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರೊಬ್ಬರು ಇದ್ದರು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಕ್ಕೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಆ ಮಂಗಳೂರಿನವರು, ಎಚ್.ವಿ. ಕಾಮತ್, ಅದನ್ನು ಸಂವಿಧಾನಕ್ಕೆ ಸೇರಿಸಿ ಅಂತ ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಯಾರು ಬೇಕಾದರೂ ಪೇಟೆಗೆ ಹೋಗಿ ಆಯುಧ ಕೊಳ್ಳುವಂತಾದರೆ ಸರ್ಕಾರ ನಡೆಸುವುದು ಹೇಗೆ ಅನ್ನುವುದು ಅವರ ಪ್ರಶ್ನೆ. ತಿದ್ದುಪಡಿ ಬಿದ್ದುಹೋಯಿತು. ಹಾಗಾಗಿ ನಮ್ಮಲ್ಲಿ ಕೋವಿ ಸರ್ಕಾರ ಕೊಡುವ ಅನುಮತಿ, ಅಷ್ಟೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಅದೂ ಅವಧಿ ಹಾಕಿದ್ದೇ. ಈಗಿನದು 2029ರವರೆಗೆ. ನಿಮ್ಮ ಕಡೆ ಬೆಳೆ ರಕ್ಷಣೆಗೆ ಇಟ್ಟುಕೊಂಡ ಕೋವಿಯನ್ನು ಚುನಾವಣೆ ಬಂತೆಂದರೆ ಠಾಣೆಗೆ ಒಯ್ದು ಠೇವಣಿ ಇಡಬೇಕು, ಅಷ್ಟರಲ್ಲಿ ಮಂಗ, ಹಂದಿ ತೋಟಕ್ಕೆ ನುಗ್ಗಿರುತ್ತವೆ. ಪ್ರತಿ ಸಲವೂ ರೈತರು ಗೊಣಗುತ್ತಾರೆ. ಒಂದೂ ಕೇಸಿಲ್ಲದ ರೈತನನ್ನೂ ರೌಡಿಯನ್ನೂ ಒಂದೇ ಆದೇಶದಲ್ಲಿ ಯಾಕೆ ಸೇರಿಸುತ್ತೀರಿ ಅನ್ನುವ ಅವರ ಸಿಟ್ಟು ಇದೆಯಲ್ಲ, ಮಗನ ಗೆಳೆಯ ಹೇಳುವುದರಲ್ಲಿ ಅರ್ಧ ಅದೇ.

ಕೊನೆಗೆ ಪಿಸ್ತೂಲಿನ ವಿಷಯ, ಇದು ತುರ್ತು. ಮಗ ಎಚ್-1ಬಿ ವೀಸಾದಲ್ಲಿದ್ದರೆ ಟೆಕ್ಸಾಸ್ ಏನೇ ಹೇಳಲಿ, ಬಂದೂಕು ಅಥವಾ ತೋಟಾ ಹೊಂದುವುದು ಫೆಡರಲ್ ಕಾನೂನಿನಲ್ಲಿ ಸಾಮಾನ್ಯವಾಗಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಅದನ್ನು ತಾನಾಗಿಯೇ ಅರ್ಥ ಮಾಡಿಕೊಳ್ಳಲು ಹೋಗದೆ ವಲಸೆ ವಕೀಲರನ್ನು ಕೇಳಲಿ. ತಪ್ಪಿದರೆ ಜೈಲಷ್ಟೇ ಅಲ್ಲ, ದೇಶದಿಂದಲೇ ಹೊರಹಾಕಬಹುದು. ಗ್ರೀನ್ ಕಾರ್ಡ್ ಇದ್ದರೆ ಕೊಳ್ಳಬಹುದು. ಆಗಲೂ ಅಂಗಡಿಯ ಅರ್ಜಿಯಲ್ಲಿ ಗಾಂಜಾ ಬಳಸುತ್ತೀರಾ ಅನ್ನುವ ಪ್ರಶ್ನೆ ಇರುತ್ತದೆ, ಗೆಳೆಯನ ಸಹವಾಸ ಇರುವುದರಿಂದ ಹೇಳಿದೆ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಬೀಗ ಹಾಕುವ ಪೆಟ್ಟಿಗೆಯನ್ನು ಪಿಸ್ತೂಲಿಗಿಂತ ಮೊದಲು ಕೊಳ್ಳಲಿ. 17 ತುಂಬದ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಬಿಡುವುದು ಟೆಕ್ಸಾಸ್‌ನಲ್ಲೂ ಅಪರಾಧವೇ.